ಥಾಮಸ್ ಬ್ರಾಕ್

ಸರ್ ಥಾಮಸ್ ಬ್ರಾಕ್ (ಜನನ: ಮಾರ್ಚ್ 1, 1847, ವೂಸ್ಟರ್, ನಿಧನ: ಆಗಸ್ಟ್ 22, 1922, ಲಂಡನ್) ಅವರು ಇಂಗ್ಲೆಂಡಿನ ಶಿಲ್ಪಿ ಮತ್ತು ನಾಣ್ಯ ವಿನ್ಯಾಸಕಾರರು. 1893ರಿಂದ 1901ರವರೆಗೆ ಬ್ರಿಟನ್ನಿನ ನಾಣ್ಯಗಳ ಮೇಲೆ ಕಾಣಿಸಿಕೊಂಡ, ಮೇಲುಮುಸುಕು ಹೊದ್ದ ವೃದ್ಧೆ ವಿಕ್ಟೋರಿಯಾ ರಾಣಿಯ ಮುಖಚಿತ್ರ ಇವರ ರಚನೆ. ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಮುಂದಿರುವ ವಿಕ್ಟೋರಿಯಾ ಸ್ಮಾರಕವೂ, ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆಯೂ ಇವರ ಕೃತಿಗಳೇ. ಕೋಟ್ಯಂತರ ಜನರ ಕೈಯಲ್ಲಿ ಓಡಾಡಿದ ಚಿತ್ರವೊಂದನ್ನು ರಚಿಸಿದರೂ, ಇವರ ಹೆಸರು ಕಲಾಚರಿತ್ರೆಯ ವಿದ್ಯಾರ್ಥಿಗಳನ್ನು ಮತ್ತು ನಾಣ್ಯಸಂಗ್ರಾಹಕರನ್ನು ಬಿಟ್ಟರೆ ಉಳಿದವರಿಗೆ ಅಷ್ಟಾಗಿ ಪರಿಚಿತವಲ್ಲ.

## ಬಾಲ್ಯ ಮತ್ತು ಶಿಕ್ಷಣ

ಬ್ರಾಕ್ ಅವರು ಪಶ್ಚಿಮ ಇಂಗ್ಲೆಂಡಿನ ವೂಸ್ಟರ್ ನಗರದಲ್ಲಿ ಜನಿಸಿದರು. ಈ ನಗರವು ಪಿಂಗಾಣಿ ಪಾತ್ರೆಗಳ ತಯಾರಿಕೆಗೆ ಹೆಸರಾದುದು. ಅಲ್ಲಿನ ಸರ್ಕಾರಿ ವಿನ್ಯಾಸ ಶಾಲೆಯಲ್ಲಿ ಚಿತ್ರಕಲೆಯನ್ನು ಕಲಿತ ಬ್ರಾಕ್, ರಾಯಲ್ ವೂಸ್ಟರ್ ಪಿಂಗಾಣಿ ಕಾರ್ಖಾನೆಯಲ್ಲಿ ಅಚ್ಚಿನ ಮಾದರಿಗಳನ್ನು ರೂಪಿಸುವ ಕೆಲಸಕ್ಕೆ ಶಿಷ್ಯರಾಗಿ ಸೇರಿದರು. ಅಂಗೈಯಗಲದ ಜಾಗದಲ್ಲಿ ಮುಖ, ಬಟ್ಟೆಯ ಮಡಿಕೆ, ಹೂಬಳ್ಳಿ ಇವುಗಳನ್ನು ತೆಳುವಾಗಿ ಉಬ್ಬಿಸಿ ತೋರಿಸುವುದು ಈ ಕಸುಬಿನ ಮುಖ್ಯ ಅಂಶ. ಮುಂದೆ ನಾಣ್ಯದ ವಿನ್ಯಾಸಕ್ಕೆ ಬೇಕಾದ ಕೌಶಲವೂ ಇದೇ ಬಗೆಯದು.

1866ರಲ್ಲಿ ಬ್ರಾಕ್ ಲಂಡನ್ನಿಗೆ ತೆರಳಿ, ಆ ಕಾಲದ ಪ್ರಸಿದ್ಧ ಶಿಲ್ಪಿ ಜಾನ್ ಹೆನ್ರಿ ಫೋಲಿ ಅವರ ಶಿಷ್ಯರಾದರು. 1867ರಲ್ಲಿ ರಾಯಲ್ ಅಕಾಡೆಮಿಯ ಶಾಲೆಗೆ ಪ್ರವೇಶ ಪಡೆದು, 1869ರಲ್ಲಿ 'ಆಂಟಿಯಸ್‌ನ ಕತ್ತು ಹಿಸುಕುವ ಹರ್ಕ್ಯುಲಿಸ್' ಎಂಬ ಶಿಲ್ಪಕ್ಕಾಗಿ ಅಕಾಡೆಮಿಯ ಚಿನ್ನದ ಪದಕವನ್ನು ಗಳಿಸಿದರು. ಆಗ ಅವರಿಗೆ 22 ವರ್ಷ.

## ಗುರುವಿನ ಉಳಿಕೆ ಕೆಲಸಗಳು

ಫೋಲಿ ಅವರು 1874ರಲ್ಲಿ ನಿಧನರಾದಾಗ ಅವರ ಶಿಲ್ಪಶಾಲೆಯಲ್ಲಿ ಹಲವು ದೊಡ್ಡ ಕೆಲಸಗಳು ಅರ್ಧಕ್ಕೆ ನಿಂತಿದ್ದವು. ಅವುಗಳಲ್ಲಿ ಅನೇಕವನ್ನು ಮುಗಿಸುವ ಹೊಣೆ ಬ್ರಾಕ್ ಅವರ ಮೇಲೆ ಬಿದ್ದಿತು. ಡಬ್ಲಿನ್ ನಗರದ ಮುಖ್ಯ ಬೀದಿಯಲ್ಲಿರುವ, ಐರ್ಲೆಂಡಿನ ಜನನಾಯಕ ಡೇನಿಯಲ್ ಓಕಾನೆಲ್ ಅವರ ಸ್ಮಾರಕ ಇವುಗಳಲ್ಲಿ ಮುಖ್ಯವಾದುದು. ಇದು 1882ರಲ್ಲಿ ಅನಾವರಣಗೊಂಡಿತು. ಲಂಡನ್ನಿನ ಆಲ್ಬರ್ಟ್ ಸ್ಮಾರಕದ ನಡುವೆ ಕುಳಿತಿರುವ, ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ ಅವರ ಕಂಚಿನ ಪ್ರತಿಮೆಯನ್ನೂ ಬ್ರಾಕ್ ಅವರೇ ಪೂರ್ಣಗೊಳಿಸಿದರು.

ಆಲ್ಬರ್ಟ್ ಪ್ರತಿಮೆಯ ಕೆಲಸವು ಮೊದಲು ಕಾರ್ಲೊ ಮರೊಚೆಟ್ಟಿ ಎಂಬ ಶಿಲ್ಪಿಗೆ ಸಂದಿತ್ತು. ಅವರು 1867ರಲ್ಲಿ ತೀರಿಕೊಂಡ ಬಳಿಕ ಅದು ಫೋಲಿ ಅವರಿಗೂ, ಅವರ ನಂತರ ಬ್ರಾಕ್ ಅವರಿಗೂ ಬಂದಿತು. ಈ ಮರೊಚೆಟ್ಟಿ ಅವರೇ ಬೆಂಗಳೂರಿನಲ್ಲಿರುವ ಸರ್ ಮಾರ್ಕ್ ಕಬ್ಬನ್ ಅವರ ಅಶ್ವಾರೂಢ ಪ್ರತಿಮೆಯ ಶಿಲ್ಪಿ. ಬಹುಕಾಲ ಉಚ್ಚ ನ್ಯಾಯಾಲಯದ ಆವರಣದಲ್ಲಿದ್ದ ಆ ಪ್ರತಿಮೆಯನ್ನು 2020ರಲ್ಲಿ ಕಬ್ಬನ್ ಉದ್ಯಾನದೊಳಕ್ಕೆ ಸ್ಥಳಾಂತರಿಸಲಾಯಿತು.

## ಸ್ವತಂತ್ರ ಶಿಲ್ಪಿಯಾಗಿ

1880ರಲ್ಲಿ ಬ್ರಾಕ್ ಅವರು ಪ್ರದರ್ಶಿಸಿದ 'ಅಪಾಯದ ಕ್ಷಣ' ಎಂಬ ಶಿಲ್ಪ ಅವರಿಗೆ ಸ್ವತಂತ್ರ ಕೀರ್ತಿಯನ್ನು ತಂದಿತು. ಕುದುರೆಯೇರಿದ ಅಮೆರಿಕದ ಮೂಲನಿವಾಸಿಯೊಬ್ಬ ಹೆಬ್ಬಾವನ್ನು ಎದುರಿಸುವ ದೃಶ್ಯ ಇದರಲ್ಲಿದೆ. ಅದೇ ವರ್ಷ ಲಂಡನ್ನಿನ ಥೇಮ್ಸ್ ನದೀತೀರದಲ್ಲಿ, ಭಾನುವಾರ ಶಾಲೆಗಳ ಪ್ರಚಾರಕ ರಾಬರ್ಟ್ ರೇಕ್ಸ್ ಅವರ ಪ್ರತಿಮೆ ಸ್ಥಾಪನೆಯಾಯಿತು. 1884ರಲ್ಲಿ ಅಮೆರಿಕದ ಕವಿ ಲಾಂಗ್‌ಫೆಲೊ ಅವರ ಎದೆಮಟ್ಟದ ಪ್ರತಿಮೆಯನ್ನು ವೆಸ್ಟ್‌ಮಿನ್‌ಸ್ಟರ್ ಅಬೆಯ ಕವಿಗಳ ಮೂಲೆಯಲ್ಲಿ ಇರಿಸಲಾಯಿತು.

1888ರಲ್ಲಿ ಅನಾವರಣಗೊಂಡ ಸರ್ ಬಾರ್ಟಲ್ ಫ್ರೀರ್ ಅವರ ಪ್ರತಿಮೆಯೂ ಬ್ರಾಕ್ ಅವರದು. ಫ್ರೀರ್ ಅವರು 1862ರಿಂದ 1867ರವರೆಗೆ ಮುಂಬಯಿ ಪ್ರಾಂತ್ಯದ ಗವರ್ನರ್ ಆಗಿದ್ದವರು. ಇಂದಿನ ಕರ್ನಾಟಕದ ಧಾರವಾಡ, ಬೆಳಗಾವಿ ಮುಂತಾದ ಪ್ರದೇಶಗಳು ಆಗ ಅದೇ ಪ್ರಾಂತ್ಯಕ್ಕೆ ಸೇರಿದ್ದವು.

ಬ್ರಾಕ್ ಅವರು 1883ರಲ್ಲಿ ರಾಯಲ್ ಅಕಾಡೆಮಿಯ ಸಹಸದಸ್ಯರಾಗಿ, 1891ರಲ್ಲಿ ಪೂರ್ಣ ಸದಸ್ಯರಾಗಿ ಆಯ್ಕೆಯಾದರು. ಅಕಾಡೆಮಿಯ ಅಧ್ಯಕ್ಷರಾಗಿದ್ದ ವರ್ಣಚಿತ್ರಕಾರ ಫ್ರೆಡರಿಕ್ ಲೇಟನ್ ಅವರೊಡನೆ ಇವರಿಗೆ ಆಪ್ತ ಸಂಬಂಧವಿತ್ತು. ಲೇಟನ್ ಅವರ 'ಹೆಬ್ಬಾವಿನೊಡನೆ ಸೆಣಸುವ ಮಲ್ಲ' ಎಂಬ ಹೆಸರಾಂತ ಕಂಚಿನ ಶಿಲ್ಪ ರೂಪುಗೊಳ್ಳುವಲ್ಲಿ ಬ್ರಾಕ್ ನೆರವಾಗಿದ್ದರು. ಲೇಟನ್ ಅವರು 1896ರಲ್ಲಿ ನಿಧನರಾದ ನಂತರ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಅವರ ಸಮಾಧಿ ಶಿಲ್ಪವನ್ನು ರಚಿಸಿದವರೂ ಬ್ರಾಕ್.

## ನಾಣ್ಯ ವಿನ್ಯಾಸ

### ಹಿನ್ನೆಲೆ

ವಿಕ್ಟೋರಿಯಾ ರಾಣಿ 1837ರಲ್ಲಿ ತನ್ನ 18ನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದಳು. 1838ರಿಂದ ಬ್ರಿಟನ್ನಿನ ನಾಣ್ಯಗಳ ಮೇಲೆ ವಿಲಿಯಂ ವಯನ್ ಎಂಬ ಟಂಕಶಿಲ್ಪಿ ರಚಿಸಿದ ತರುಣಿಯ ಮುಖವಿತ್ತು. ರಾಣಿಗೆ ಮಕ್ಕಳು ಮೊಮ್ಮಕ್ಕಳಾಗಿ, ಪತಿ ತೀರಿಕೊಂಡು ದಶಕಗಳು ಉರುಳಿದರೂ, ಚಿನ್ನ ಬೆಳ್ಳಿಯ ನಾಣ್ಯಗಳ ಮೇಲಿನ ತಾರುಣ್ಯ ಸುಮಾರು 50 ವರ್ಷ ಬದಲಾಗಲಿಲ್ಲ.

1887ರಲ್ಲಿ ಆಳ್ವಿಕೆಯ 50ನೆಯ ವರ್ಷದ ನೆನಪಿಗೆ ಹೊಸ ನಾಣ್ಯಗಳು ಬಂದವು. ಇವುಗಳ ಮುಖಚಿತ್ರವನ್ನು ಜೋಸೆಫ್ ಎಡ್ಗರ್ ಬೋಮ್ ರಚಿಸಿದ್ದರು. ಪುಟ್ಟ ಕಿರೀಟವೊಂದು ರಾಣಿಯ ತಲೆಯ ಮೇಲೆ ಈಗಲೋ ಆಗಲೋ ಜಾರಿ ಬೀಳುವಂತೆ ಕಾಣುತ್ತದೆ ಎಂದು ಜನರು ಅದನ್ನು ಗೇಲಿ ಮಾಡಿದರು. ಆ ಸರಣಿಯ ಆರು ಪೆನ್ನಿ ನಾಣ್ಯದ ಮೇಲೆ ಬೆಲೆಯನ್ನು ನಮೂದಿಸಿರಲಿಲ್ಲ. ಅದರ ಹಿಮ್ಮುಖದ ವಿನ್ಯಾಸ ಚಿನ್ನದ ಅರ್ಧ ಸವರನ್ನನ್ನು ಹೋಲುತ್ತಿತ್ತು. ವಂಚಕರು ಬೆಳ್ಳಿಯ ಆರು ಪೆನ್ನಿಗೆ ಚಿನ್ನದ ನೀರು ಕೊಟ್ಟು ಅರ್ಧ ಸವರನ್ ಎಂದು ಸಾಗಹಾಕಿದ್ದರಿಂದ ಆ ವಿನ್ಯಾಸವನ್ನು ಅದೇ ವರ್ಷ ಹಿಂತೆಗೆದುಕೊಳ್ಳಬೇಕಾಯಿತು. ನಾಣ್ಯದ ವಿನ್ಯಾಸ ಕೇವಲ ಅಲಂಕಾರವಲ್ಲ, ಜನರ ನಂಬಿಕೆಯನ್ನೂ ಕಾಯಬೇಕಾದುದು ಎಂಬುದನ್ನು ಈ ಪ್ರಸಂಗ ತೋರಿಸಿತು.

ಹೀಗಾಗಿ 1891ರಲ್ಲಿ ಸರ್ ಜಾನ್ ಲುಬ್ಬಾಕ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿ, ಕಲಾವಿದರಿಂದ ಹೊಸ ವಿನ್ಯಾಸಗಳನ್ನು ಆಹ್ವಾನಿಸಲಾಯಿತು. ಬಂದ ಮಾದರಿಗಳಲ್ಲಿ ಬ್ರಾಕ್ ಅವರ ಮುಖಚಿತ್ರ ಆಯ್ಕೆಯಾಯಿತು.

### ಮುಖಚಿತ್ರದ ಸ್ವರೂಪ

ಬ್ರಾಕ್ ಅವರ ವಿನ್ಯಾಸದಲ್ಲಿ ರಾಣಿ ಎಡಕ್ಕೆ ಮುಖ ಮಾಡಿದ್ದಾಳೆ. ತಲೆಯ ಮೇಲೆ ಚಿಕ್ಕ ಮುಕುಟ, ಅದರ ಮೇಲಿಂದ ಹಿಂಬದಿಗೆ ಇಳಿದು ಹೆಗಲನ್ನು ಆವರಿಸುವ ಮುಸುಕು, ಕಿವಿಯಲ್ಲಿ ಓಲೆ, ಕೊರಳಲ್ಲಿ ಮುತ್ತಿನ ಹಾರ ಇವೆ. ಹೆಗಲ ಕೆಳಗೆ 'ಟಿ. ಬಿ.' ಎಂಬ ಶಿಲ್ಪಿಯ ಹೆಸರಿನ ಮೊದಲಕ್ಷರಗಳಿವೆ.

ಪತಿ ಆಲ್ಬರ್ಟ್ 1861ರಲ್ಲಿ ತೀರಿಕೊಂಡ ಮೇಲೆ ರಾಣಿ ಜೀವನವಿಡೀ ವೈಧವ್ಯದ ಉಡುಪನ್ನೇ ಧರಿಸುತ್ತಿದ್ದಳು. ಬ್ರಾಕ್ ಆ ಸಂಗತಿಯನ್ನು ಮರೆಮಾಚಲಿಲ್ಲ. ಕೆನ್ನೆಯ ತೂಕ, ಇಳಿದ ಗಲ್ಲ, ಬಳಲಿದ ಕಣ್ಣು ಎಲ್ಲವೂ ಈ ಮುಖದಲ್ಲಿವೆ. ಬೋಮ್ ಅವರ ಚಿತ್ರದಲ್ಲಿ ನಗೆಪಾಟಲಾಗಿದ್ದ ಕಿರೀಟ ಮತ್ತು ಮುಸುಕುಗಳೇ ಇಲ್ಲಿ ತಲೆಯ ಆಕಾರಕ್ಕೆ ಹೊಂದಿಕೊಂಡು, ಮುಪ್ಪಿಗೆ ಗಾಂಭೀರ್ಯವನ್ನು ಕೊಟ್ಟಿವೆ. ಮುಸುಕಿನ ಮಡಿಕೆಗಳು ನಾಣ್ಯದ ಕೆಳ ಅಂಚಿನವರೆಗೆ ಇಳಿದು ಚಿತ್ರಕ್ಕೆ ಗಟ್ಟಿಯಾದ ತಳವನ್ನು ಒದಗಿಸುತ್ತವೆ. ನಾಣ್ಯಶಾಸ್ತ್ರದಲ್ಲಿ ಈ ಚಿತ್ರಕ್ಕೆ 'ಮುಸುಕಿನ ಮುಖ' ಅಥವಾ 'ಮುಪ್ಪಿನ ಮುಖ' ಎಂಬ ಅರ್ಥದ ಹೆಸರುಗಳಿವೆ.

### ಅಕ್ಷರಗಳು

ನಾಣ್ಯದ ಸುತ್ತ ಲ್ಯಾಟಿನ್ ಭಾಷೆಯಲ್ಲಿ 'ವಿಕ್ಟೋರಿಯಾ ದೇಯಿ ಗ್ರಾ ಬ್ರಿಟ್ ರೆಜಿನಾ ಫಿಡ್ ಡೆಫ್ ಇಂಡ್ ಇಂಪ್' ಎಂಬ ಸಂಕ್ಷಿಪ್ತ ಬರಹವಿದೆ. 'ದೇವರ ಕೃಪೆಯಿಂದ ಬ್ರಿಟನ್ನುಗಳ ರಾಣಿ, ಧರ್ಮರಕ್ಷಕಿ, ಭಾರತದ ಚಕ್ರವರ್ತಿನಿ ವಿಕ್ಟೋರಿಯಾ' ಎಂಬುದು ಇದರ ಅರ್ಥ. ಇದರ ಕೊನೆಯ ಎರಡು ಪದಗಳು ಭಾರತದ ಚರಿತ್ರೆಯ ದೃಷ್ಟಿಯಿಂದ ಗಮನಾರ್ಹ. ವಿಕ್ಟೋರಿಯಾಳಿಗೆ ಭಾರತದ ಚಕ್ರವರ್ತಿನಿ ಎಂಬ ಬಿರುದು ದೊರೆತದ್ದು 1876ರ ಶಾಸನದಿಂದ. ಅದನ್ನು 1877ರ ಜನವರಿ 1ರಂದು ದೆಹಲಿಯ ದರ್ಬಾರಿನಲ್ಲಿ ಸಾರಲಾಯಿತು. ಬ್ರಿಟನ್ನಿನ ಸ್ವಂತ ನಾಣ್ಯಗಳ ಮೇಲೆ ಆ ಬಿರುದು ಮೊದಲ ಬಾರಿಗೆ ಕಾಣಿಸಿಕೊಂಡದ್ದು ಬ್ರಾಕ್ ಅವರ ಮುಖಚಿತ್ರವುಳ್ಳ 1893ರ ನಾಣ್ಯಗಳಲ್ಲಿ. ಭಾರತ ಸ್ವತಂತ್ರವಾದ ಬಳಿಕ, 1949ರ ನಾಣ್ಯಗಳಿಂದ ಈ ಎರಡು ಪದಗಳನ್ನು ಕೈಬಿಡಲಾಯಿತು.

### ಹಿಮ್ಮುಖದ ವಿನ್ಯಾಸಗಳು

1893ರ ಸರಣಿಯ ಎಲ್ಲ ನಾಣ್ಯಗಳ ಮುಮ್ಮುಖ ಬ್ರಾಕ್ ಅವರದಾದರೂ ಹಿಮ್ಮುಖಗಳು ಬೇರೆ ಬೇರೆ ಕಲಾವಿದರವು. ಹಾಫ್ ಕ್ರೌನ್ ನಾಣ್ಯದ ಹಿಮ್ಮುಖವನ್ನು, ಅಂದರೆ ಗಾರ್ಟರ್ ಪದವಿಯ ಕಂಠಹಾರದ ನಡುವಿನ ಕಿರೀಟಸಹಿತ ಗುರಾಣಿಯನ್ನು, ಬ್ರಾಕ್ ಅವರೇ ರಚಿಸಿದರು. ಫ್ಲೋರಿನ್ ಮತ್ತು ಷಿಲಿಂಗ್ ನಾಣ್ಯಗಳ ಮೂರು ಗುರಾಣಿಗಳ ವಿನ್ಯಾಸ ವರ್ಣಚಿತ್ರಕಾರ ಎಡ್ವರ್ಡ್ ಪಾಯಿಂಟರ್ ಅವರದು. ಸವರನ್ ಮತ್ತು ಕ್ರೌನ್ ನಾಣ್ಯಗಳಲ್ಲಿ, ಇಟಲಿ ಮೂಲದ ಬೆನೆಡೆಟ್ಟೊ ಪಿಸ್ಟ್ರುಚ್ಚಿ ಹಿಂದೆಯೇ ರಚಿಸಿದ್ದ, ಕುದುರೆಯೇರಿ ಸರ್ಪರಾಕ್ಷಸನನ್ನು ಕೊಲ್ಲುವ ಸಂತ ಜಾರ್ಜ್‌ನ ಚಿತ್ರ ಮುಂದುವರಿಯಿತು.

ಚಿನ್ನ ಮತ್ತು ಬೆಳ್ಳಿಯ ನಾಣ್ಯಗಳು 1893ರಲ್ಲಿಯೂ, ಕಂಚಿನ ಪೆನ್ನಿ, ಅರ್ಧ ಪೆನ್ನಿ ಮತ್ತು ಫಾರ್ದಿಂಗ್‌ಗಳು 1895ರಲ್ಲಿಯೂ ಹೊಸ ಮುಖಚಿತ್ರದೊಡನೆ ಬಂದವು. ಹೊಳೆಯುವ ಹೊಸ ಫಾರ್ದಿಂಗ್ ಅರ್ಧ ಸವರನ್ನಿನಂತೆ ಕಾಣುತ್ತಿದ್ದುದರಿಂದ 1897ರಿಂದ ಅದನ್ನು ಕಪ್ಪಾಗಿಸಿ ಹೊರತರಲಾಯಿತು.

### ಮಾದರಿಯಿಂದ ಅಚ್ಚಿಗೆ

ಶಿಲ್ಪಿಯು ನಾಣ್ಯದ ಮಾದರಿಯನ್ನು ನಾಣ್ಯದ ಗಾತ್ರದಲ್ಲಿ ಮಾಡುವುದಿಲ್ಲ. ಮೊದಲು ಹಲವು ಪಟ್ಟು ದೊಡ್ಡದಾದ ಉಬ್ಬುಚಿತ್ರವನ್ನು ರೂಪಿಸಿ, ಅದನ್ನು ನಾಣ್ಯದ ಅಳತೆಗೆ ಇಳಿಸಿ, ಉಕ್ಕಿನ ಅಚ್ಚನ್ನು ಸಿದ್ಧಪಡಿಸಲಾಗುತ್ತದೆ. ಉಬ್ಬು ಹೆಚ್ಚಾದರೆ ಒಂದೇ ಏಟಿಗೆ ಚಿತ್ರ ಪೂರ್ತಿಯಾಗಿ ಮೂಡುವುದಿಲ್ಲ, ನಾಣ್ಯಗಳನ್ನು ಒಂದರ ಮೇಲೊಂದು ಜೋಡಿಸಲೂ ಆಗುವುದಿಲ್ಲ. ಉಬ್ಬು ತೀರ ಕಡಿಮೆಯಾದರೆ ಕೆಲವೇ ವರ್ಷಗಳಲ್ಲಿ ಮುಖ ಸವೆದುಹೋಗುತ್ತದೆ. ಬ್ರಾಕ್ ಅವರ ಮಾದರಿಯನ್ನು ಅಚ್ಚಿಗೆ ಇಳಿಸಿದವರು ರಾಯಲ್ ಮಿಂಟ್ ಎಂಬ ಲಂಡನ್ನಿನ ಟಂಕಸಾಲೆಯ ಅಚ್ಚುಕೆತ್ತುಗ ಜಾರ್ಜ್ ವಿಲಿಯಂ ಡಿ ಸೋಲ್ಸ್. ಸುಮಾರು 32 ಮಿಲಿಮೀಟರ್ ವ್ಯಾಸದ ಹಾಫ್ ಕ್ರೌನ್‌ನಲ್ಲಿಯೂ, 22 ಮಿಲಿಮೀಟರ್ ವ್ಯಾಸದ ಸವರನ್ನಿನಲ್ಲಿಯೂ ಅದೇ ಮುಖ ಅಷ್ಟೇ ಸ್ಪಷ್ಟವಾಗಿ ಮೂಡಬೇಕಾಗಿತ್ತು.

1897ರಲ್ಲಿ ಆಳ್ವಿಕೆಯ 60ನೆಯ ವರ್ಷಕ್ಕಾಗಿ ಟಂಕಸಾಲೆಯು ಹೊರತಂದ ಅಧಿಕೃತ ಪದಕದಲ್ಲಿ ಒಂದು ಬದಿಗೆ ಬ್ರಾಕ್ ಅವರ ಮುಸುಕಿನ ಮುಖವನ್ನೂ, ಇನ್ನೊಂದು ಬದಿಗೆ ವಯನ್ ಅವರ ತರುಣಿಯ ಮುಖವನ್ನೂ ಇರಿಸಲಾಯಿತು. ಒಂದೇ ಲೋಹದ ಬಿಲ್ಲೆಯ ಎರಡು ಬದಿಗಳಲ್ಲಿ ಒಬ್ಬಳೇ ರಾಣಿಯ ಯೌವನ ಮತ್ತು ಮುಪ್ಪು ಕಾಣುವ ಈ ಪದಕ ಸಂಗ್ರಾಹಕರಿಗೆ ಪ್ರಿಯವಾದುದು.

## ಮೈಸೂರು ಸೀಮೆ ಮತ್ತು ರಾಣಿಯ ನಾಣ್ಯಗಳು

ನಾಣ್ಯದ ಮೇಲೆ ಆಳುವವರ ಮುಖವನ್ನು ಮುದ್ರಿಸುವ ರೂಢಿ ಮೈಸೂರಿನ ಅರಸರಲ್ಲಿ ಇರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸುಗಳಲ್ಲಿ ಆನೆ, ಸಿಂಹ ಮುಂತಾದ ಚಿತ್ರಗಳೂ ಕನ್ನಡ ಅಕ್ಷರಗಳೂ ಇದ್ದವು. ಸಂಸ್ಥಾನದ ಟಂಕಸಾಲೆ 1843ರಲ್ಲಿ ಮುಚ್ಚಿತು. 1881ರಲ್ಲಿ ಆಡಳಿತವು ಒಡೆಯರ ಮನೆತನಕ್ಕೆ ಮರಳಿದಾಗ, ನಿಂತುಹೋಗಿರುವ ಪ್ರತ್ಯೇಕ ನಾಣ್ಯಪದ್ಧತಿಯನ್ನು ಮತ್ತೆ ಆರಂಭಿಸಕೂಡದು ಎಂಬ ಷರತ್ತನ್ನು ಬ್ರಿಟಿಷ್ ಸರ್ಕಾರ ವಿಧಿಸಿತು. ಹೀಗಾಗಿ ನಂಜನಗೂಡು, ತಿರುಮಕೂಡಲು ನರಸೀಪುರದಂತಹ ಊರುಗಳ ಸಂತೆಗಳಲ್ಲಿಯೂ ಕಲ್ಕತ್ತ ಮತ್ತು ಮುಂಬಯಿ ಟಂಕಸಾಲೆಗಳ ನಾಣ್ಯಗಳೇ ಚಲಾವಣೆಯಲ್ಲಿದ್ದವು.

ಜನರು 'ರಾಣಿ ರೂಪಾಯಿ' ಎಂದು ಕರೆಯುತ್ತಿದ್ದ ಈ ಬೆಳ್ಳಿ ನಾಣ್ಯದ ತೂಕ 11.66 ಗ್ರಾಂ, ಅಂದರೆ ಒಂದು ತೊಲ. 1862ರಿಂದ ಇದರ ಮೇಲೆ ಕಿರೀಟ ಧರಿಸಿದ, ಕಸೂತಿಯ ಉಡುಪು ತೊಟ್ಟ ರಾಣಿಯ ಚಿತ್ರವಿತ್ತು. 1877ರಿಂದ 'ರಾಣಿ' ಎಂಬ ಇಂಗ್ಲಿಷ್ ಪದದ ಬದಲು 'ಚಕ್ರವರ್ತಿನಿ' ಎಂಬ ಪದ ಬಂದಿತೇ ಹೊರತು ಮುಖಕ್ಕೆ ವಯಸ್ಸಾಗಲಿಲ್ಲ. ಬ್ರಾಕ್ ಅವರ ಮುಖಚಿತ್ರವನ್ನು ಭಾರತದ ರೂಪಾಯಿಗೆ ಅಳವಡಿಸಲೇ ಇಲ್ಲ. 1901ರಲ್ಲಿ ವಿಕ್ಟೋರಿಯಾ ತನ್ನ 81ನೆಯ ವಯಸ್ಸಿನಲ್ಲಿ ತೀರಿಕೊಂಡಾಗಲೂ ಭಾರತದ ರೂಪಾಯಿಯ ಮೇಲೆ ಅವಳು ತರುಣಿಯಾಗಿಯೇ ಇದ್ದಳು. 'ಭಾರತದ ಚಕ್ರವರ್ತಿನಿ' ಎಂಬ ಬಿರುದಿನೊಡನೆ ವೃದ್ಧೆಯ ಮುಖ ಬ್ರಿಟನ್ನಿನ ಜನರ ಕೈಗೆ ಬಂದಿತು. ಭಾರತದ ಜನರ ಕೈಯಲ್ಲಿ ಹಳೆಯ ಮುಖವೇ ಉಳಿಯಿತು.

ಇದಕ್ಕೆ ಒಂದು ಅಪವಾದವುಂಟು. 1899ರ ಕಾಯಿದೆಯ ಪ್ರಕಾರ ಬ್ರಿಟನ್ನಿನ ಚಿನ್ನದ ಸವರನ್ ನಾಣ್ಯವು ಬ್ರಿಟಿಷ್ ಭಾರತದಲ್ಲಿ 15 ರೂಪಾಯಿಗೆ ಸಮನಾದ ಕಾನೂನುಬದ್ಧ ಹಣವಾಯಿತು. ಒಂದು ರೂಪಾಯಿಗೆ 16 ಪೆನ್ನಿಯಂತೆ 15 ರೂಪಾಯಿಗೆ 240 ಪೆನ್ನಿ, ಅಂದರೆ ಒಂದು ಪೌಂಡ್, ಎಂಬುದು ಇದರ ಲೆಕ್ಕ. ಆಗ ಹೊಸದಾಗಿ ಟಂಕಿಸುತ್ತಿದ್ದ ಸವರನ್ನುಗಳ ಮೇಲಿದ್ದುದು ಬ್ರಾಕ್ ಅವರ ಮುಸುಕಿನ ಮುಖ. 22 ಕ್ಯಾರೆಟ್ ಚಿನ್ನದ ಈ ನಾಣ್ಯದ ತೂಕ 7.98 ಗ್ರಾಂ. ಇಂದಿಗೂ ದಕ್ಷಿಣ ಭಾರತದ ಅಕ್ಕಸಾಲಿಗರ ಅಂಗಡಿಗಳಲ್ಲಿ 8 ಗ್ರಾಂ ಚಿನ್ನಕ್ಕೆ 'ಒಂದು ಸವರನ್' ಎಂದೂ, ಕರಾವಳಿಯಲ್ಲಿ 'ಒಂದು ಪವನ್' ಎಂದೂ ಹೇಳುವ ರೂಢಿಯ ಮೂಲ ಈ ನಾಣ್ಯವೇ. ಸವರನ್ನುಗಳಿಗೆ ಬಳೆಯನ್ನು ಬೆಸೆದು ಕೊರಳ ಸರಕ್ಕೆ ಪೋಣಿಸುವ ಪದ್ಧತಿಯಿಂದಲೂ ಇಂತಹ ನಾಣ್ಯಗಳು ಮನೆಗಳಲ್ಲಿ ಉಳಿದುಬಂದಿವೆ.

### ಗುರುತಿಸುವ ಬಗೆ

ಹಳೆಯ ನಾಣ್ಯವೊಂದರ ಮೇಲೆ ವಿಕ್ಟೋರಿಯಾ ರಾಣಿಯ ಚಿತ್ರವಿದ್ದರೆ, ಅದು ಯಾರ ವಿನ್ಯಾಸ ಎಂಬುದನ್ನು ಈ ಲಕ್ಷಣಗಳಿಂದ ತಿಳಿಯಬಹುದು:

- ತಲೆಯ ಮೇಲೆ ಕಿರೀಟವಿಲ್ಲದೆ, ಕೂದಲನ್ನು ಪಟ್ಟಿಯಿಂದ ಬಿಗಿದು ಹಿಂದಕ್ಕೆ ಕಟ್ಟಿದ್ದರೆ ಅದು ವಯನ್ ಅವರ ತರುಣಿಯ ಮುಖ. 1840ರ ಇಸವಿಯುಳ್ಳ ಈಸ್ಟ್ ಇಂಡಿಯಾ ಕಂಪನಿಯ ರೂಪಾಯಿಯಲ್ಲಿಯೂ ಇಂತಹ ಮುಖವಿದೆ.
- ದೊಡ್ಡ ಕಿರೀಟ ಮತ್ತು ಕಸೂತಿಯ ಉಡುಪಿದ್ದು, ಹಿಮ್ಮುಖದಲ್ಲಿ 'ಒನ್ ರುಪೀ ಇಂಡಿಯಾ' ಎಂದು ಇಂಗ್ಲಿಷಿನಲ್ಲಿ ಬರೆದಿದ್ದರೆ ಅದು 1862ರಿಂದ 1901ರವರೆಗಿನ ಭಾರತದ ರೂಪಾಯಿ.
- ತಲೆಯ ತುದಿಯಲ್ಲಿ ಪುಟ್ಟ ಕಿರೀಟವೊಂದು ಕುಳಿತಂತಿದ್ದು, ಇಸವಿ 1887ರಿಂದ 1893ರ ನಡುವಿನದಾಗಿದ್ದರೆ ಅದು ಬೋಮ್ ಅವರ ವಿನ್ಯಾಸ.
- ಮುಕುಟದ ಮೇಲಿಂದ ಮುಸುಕು ಇಳಿದಿದ್ದು, ಹೆಗಲ ಕೆಳಗೆ 'ಟಿ. ಬಿ.' ಅಕ್ಷರಗಳಿದ್ದರೆ ಅದು ಬ್ರಾಕ್ ಅವರ ವಿನ್ಯಾಸ. ಸವೆದ ನಾಣ್ಯಗಳಲ್ಲಿ ಅಕ್ಷರಗಳು ಅಳಿಸಿರಬಹುದಾದರೂ ಮುಸುಕಿನ ಆಕಾರದಿಂದ ಗುರುತಿಸಬಹುದು.

## ಬೆಂಗಳೂರಿನ ಪ್ರತಿಮೆ

ಬ್ರಾಕ್ ಅವರು 1890ರಲ್ಲಿ ತಮ್ಮ ಹುಟ್ಟೂರಾದ ವೂಸ್ಟರ್‌ಗಾಗಿ ವಿಕ್ಟೋರಿಯಾ ರಾಣಿಯ ಪ್ರತಿಮೆಯನ್ನು ರಚಿಸಿದ್ದರು. ಅಲ್ಲಿಂದ ಮುಂದೆ ಬ್ರಿಟನ್ನಿನ ಮತ್ತು ಅದರ ಸಾಮ್ರಾಜ್ಯದ ಅನೇಕ ನಗರಗಳು ಅವರಿಂದ ರಾಣಿಯ ಪ್ರತಿಮೆಗಳನ್ನು ಮಾಡಿಸಿಕೊಂಡವು. ಬೆಂಗಳೂರಿನ ಪ್ರತಿಮೆ ಈ ಸಾಲಿಗೆ ಸೇರಿದುದು.

ಅಮೃತಶಿಲೆಯ ಈ ಪ್ರತಿಮೆಯ ಎತ್ತರ 11 ಅಡಿ. ಇದು 13 ಅಡಿ ಎತ್ತರದ ಕಣಶಿಲೆಯ ಪೀಠದ ಮೇಲೆ ನಿಂತಿದೆ. 1906ರ ಫೆಬ್ರವರಿ 5ರಂದು, ಭಾರತ ಪ್ರವಾಸದಲ್ಲಿದ್ದ ವೇಲ್ಸ್ ರಾಜಕುಮಾರ ಜಾರ್ಜ್ ಇದನ್ನು ಅನಾವರಣ ಮಾಡಿದರು. ಇವರು ವಿಕ್ಟೋರಿಯಾಳ ಮೊಮ್ಮಗ. ಮುಂದೆ ಐದನೆಯ ಜಾರ್ಜ್ ಎಂಬ ಹೆಸರಿನಿಂದ ದೊರೆಯಾದವರು. ಆಗ ಬೆಂಗಳೂರು ಎರಡು ಆಡಳಿತಗಳಿಗೆ ಹಂಚಿಹೋಗಿತ್ತು. ಪೇಟೆ ಮೈಸೂರು ಸಂಸ್ಥಾನಕ್ಕೂ, ದಂಡು ಪ್ರದೇಶ ಬ್ರಿಟಿಷರಿಗೂ ಸೇರಿತ್ತು. ಪ್ರತಿಮೆಯನ್ನು ಇವೆರಡರ ಗಡಿಯಲ್ಲಿ ನಿಲ್ಲಿಸಲಾಯಿತು.

ಅದೇ ಉದ್ಯಾನದಲ್ಲಿ 1919ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪ್ರತಿಮೆಯೂ, 1927ರಲ್ಲಿ ಚಾಮರಾಜೇಂದ್ರ ಒಡೆಯರ ಪ್ರತಿಮೆಯೂ ಸ್ಥಾಪನೆಯಾದವು. ಉದ್ಯಾನಕ್ಕೆ ಅಧಿಕೃತವಾಗಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ಹೆಸರಿಟ್ಟರೂ ಕಬ್ಬನ್ ಉದ್ಯಾನ ಎಂಬ ಹೆಸರೇ ಜನರ ಬಾಯಲ್ಲಿ ಉಳಿಯಿತು. ಸ್ವಾತಂತ್ರ್ಯಾನಂತರ ಭಾರತದ ಅನೇಕ ನಗರಗಳಲ್ಲಿ ವಿಕ್ಟೋರಿಯಾಳ ಪ್ರತಿಮೆಗಳನ್ನು ತೆಗೆದು ವಸ್ತುಸಂಗ್ರಹಾಲಯಗಳಿಗೋ ಉಗ್ರಾಣಗಳಿಗೋ ಸಾಗಿಸಲಾಯಿತು. ಬೆಂಗಳೂರಿನ ಪ್ರತಿಮೆ ಮೂಲ ಸ್ಥಳದಲ್ಲಿಯೇ ಉಳಿದಿರುವ ಕೆಲವೇ ಪ್ರತಿಮೆಗಳಲ್ಲೊಂದು. ಪರಕೀಯ ಆಳ್ವಿಕೆಯ ಗುರುತುಗಳನ್ನು ಸಾರ್ವಜನಿಕ ಸ್ಥಳಗಳಲ್ಲಿ ಉಳಿಸಿಕೊಳ್ಳಬೇಕೇ ಎಂಬ ಪ್ರಶ್ನೆಗೂ, ಅವುಗಳನ್ನು ಚರಿತ್ರೆಯ ಸಾಕ್ಷಿಗಳೆಂದು ಕಾಪಾಡಬೇಕು ಎಂಬ ವಾದಕ್ಕೂ ಇಂತಹ ಪ್ರತಿಮೆಗಳು ಇಂದಿಗೂ ಆಸ್ಪದ ಕೊಡುತ್ತಿವೆ.

ರಾಣಿ ರೂಪಾಯಿಯಲ್ಲಿ ತರುಣಿಯನ್ನು ಕಂಡಿದ್ದ ಮೈಸೂರು ಸೀಮೆಯ ಜನರಿಗೆ, ಬ್ರಾಕ್ ಅವರ ಕೈಯಲ್ಲಿ ಮೂಡಿದ ವಯಸ್ಸಾದ ರಾಣಿ ಸಾರ್ವಜನಿಕವಾಗಿ ಕಾಣಸಿಕ್ಕಿದ್ದು ಈ ಪ್ರತಿಮೆಯಲ್ಲಿ. ಅಷ್ಟರಲ್ಲಿ ರಾಣಿ ತೀರಿಕೊಂಡು ಐದು ವರ್ಷಗಳಾಗಿದ್ದವು.

## ವಿಕ್ಟೋರಿಯಾ ಸ್ಮಾರಕ

1901ರಲ್ಲಿ ರಾಣಿ ನಿಧನಳಾದ ಬಳಿಕ ಬಕಿಂಗ್‌ಹ್ಯಾಮ್ ಅರಮನೆಯ ಮುಂದೆ ರಾಷ್ಟ್ರೀಯ ಸ್ಮಾರಕವನ್ನು ನಿರ್ಮಿಸಲು ತೀರ್ಮಾನಿಸಲಾಯಿತು. ವಾಸ್ತುವಿನ್ಯಾಸವನ್ನು ಆಸ್ಟನ್ ವೆಬ್ ಅವರಿಗೂ, ಶಿಲ್ಪಗಳನ್ನು ಬ್ರಾಕ್ ಅವರಿಗೂ ವಹಿಸಲಾಯಿತು. ಸುಮಾರು 2,300 ಟನ್ ಬಿಳಿಯ ಅಮೃತಶಿಲೆಯನ್ನು ಬಳಸಿದ ಈ ಸ್ಮಾರಕದ ಎತ್ತರ ಸುಮಾರು 25 ಮೀಟರ್. ತುದಿಯಲ್ಲಿ ಚಿನ್ನದ ಲೇಪವಿರುವ ರೆಕ್ಕೆಯುಳ್ಳ ವಿಜಯದೇವತೆ ಇದ್ದಾಳೆ. ಕೆಳಗೆ ರಾಣಿಯ ಕುಳಿತ ಪ್ರತಿಮೆಯೂ, ಸತ್ಯ, ನ್ಯಾಯ, ತಾಯ್ತನ ಇವುಗಳನ್ನು ಸಂಕೇತಿಸುವ ಶಿಲ್ಪಗಳೂ ಇವೆ.

ಸ್ಮಾರಕವು 1911ರ ಮೇ 16ರಂದು ಅನಾವರಣಗೊಂಡಿತು. ಅಂದು ಐದನೆಯ ಜಾರ್ಜ್ ದೊರೆ, ಸ್ಮಾರಕದ ಬಳಿಯಲ್ಲಿಯೇ ಬ್ರಾಕ್ ಅವರಿಗೆ ನೈಟ್ ಪದವಿಯನ್ನು ನೀಡಿದರು. ಐದು ವರ್ಷಗಳ ಹಿಂದೆ ಬೆಂಗಳೂರಿನ ಪ್ರತಿಮೆಯನ್ನು ಅನಾವರಣ ಮಾಡಿದ್ದವರೂ ಇವರೇ. ಸ್ಮಾರಕದ ಸುತ್ತಲಿನ ಕಂಚಿನ ಶಿಲ್ಪಗಳ ಕೆಲಸ ಮುಂದುವರಿದು, ಎಲ್ಲವೂ ಪೂರ್ಣಗೊಂಡದ್ದು 1924ರಲ್ಲಿ.

ಅದೇ 1911ರಲ್ಲಿ ಭಾರತದಲ್ಲಿ ಐದನೆಯ ಜಾರ್ಜ್ ಹೆಸರಿನ ಹೊಸ ರೂಪಾಯಿ ಬಂದಿತು. ಅದರ ಮುಖಚಿತ್ರವನ್ನು ರಚಿಸಿದವರು ಬರ್ಟ್ರಾಮ್ ಮೆಕೆನಲ್ ಎಂಬ ಆಸ್ಟ್ರೇಲಿಯದ ಶಿಲ್ಪಿ. ದೊರೆಯ ನಿಲುವಂಗಿಯ ಮೇಲಿನ ಪುಟ್ಟ ಆನೆಯ ಸೊಂಡಿಲು ಮೋಟಾಗಿ ಮೂಡಿ, ಅದು ಹಂದಿಯಂತೆ ಕಾಣುತ್ತದೆ ಎಂಬ ಆಕ್ಷೇಪ ಎದ್ದಿತು. 1912ರ ನಾಣ್ಯಗಳಲ್ಲಿ ಅದನ್ನು ತಿದ್ದಲಾಯಿತು. ಬೋಮ್ ಅವರ ಕಿರೀಟ ಮತ್ತು ಮೆಕೆನಲ್ ಅವರ ಆನೆ, ನುರಿತ ಶಿಲ್ಪಿಗಳೂ ನಾಣ್ಯದ ಕಿರಿದಾದ ಆವರಣದಲ್ಲಿ ಎಡವಬಹುದೆಂಬುದಕ್ಕೆ ನಿದರ್ಶನಗಳು. ಅಂತಹ ತಕರಾರಿಗೆ ಗುರಿಯಾಗದೆ ರಾಣಿಯ ಆಳ್ವಿಕೆಯ ಕೊನೆಯವರೆಗೂ ಮುಂದುವರಿದದ್ದು ಬ್ರಾಕ್ ಅವರ ಮುಖಚಿತ್ರದ ವಿಶೇಷ.

## ಕೊನೆಯ ವರ್ಷಗಳು

1905ರಲ್ಲಿ ಬ್ರಿಟಿಷ್ ಶಿಲ್ಪಿಗಳ ಸಂಘ ಸ್ಥಾಪನೆಯಾದಾಗ ಬ್ರಾಕ್ ಅದರ ಮೊದಲ ಅಧ್ಯಕ್ಷರಾದರು. ವಯಸ್ಸು 60 ದಾಟಿದ ಮೇಲೂ ದೊಡ್ಡ ಕೆಲಸಗಳನ್ನು ಕೈಗೊಳ್ಳುತ್ತಿದ್ದರು. 1914ರಲ್ಲಿ ನಾವಿಕ ಜೇಮ್ಸ್ ಕುಕ್ ಅವರ ಪ್ರತಿಮೆ ಲಂಡನ್ನಿನಲ್ಲಿಯೂ, 1920ರಲ್ಲಿ ಟೈಟಾನಿಕ್ ಹಡಗಿನ ದುರಂತದಲ್ಲಿ ಮಡಿದವರ ಸ್ಮಾರಕ ಬೆಲ್‌ಫಾಸ್ಟ್‌ನಲ್ಲಿಯೂ ಅನಾವರಣಗೊಂಡವು. 1922ರ ಆಗಸ್ಟ್ 22ರಂದು ತಮ್ಮ 75ನೆಯ ವಯಸ್ಸಿನಲ್ಲಿ ಬ್ರಾಕ್ ನಿಧನರಾದರು. ನಂಜುನಿವಾರಕ ಶಸ್ತ್ರಚಿಕಿತ್ಸೆಯ ಪ್ರವರ್ತಕ ಜೋಸೆಫ್ ಲಿಸ್ಟರ್ ಅವರ ಸ್ಮಾರಕ, ಶಿಲ್ಪಿಯ ಮರಣಾನಂತರ 1924ರಲ್ಲಿ ಅನಾವರಣಗೊಂಡಿತು.

## ಶೈಲಿ ಮತ್ತು ಸ್ಥಾನ

19ನೆಯ ಶತಮಾನದ ಕೊನೆಯಲ್ಲಿ ಬ್ರಿಟನ್ನಿನಲ್ಲಿ 'ನವಶಿಲ್ಪ' ಎಂಬ ಪಂಥ ಬೆಳೆಯಿತು. ನಯವಾದ ಆದರ್ಶರೂಪಗಳಿಗಿಂತ ಮೈಯ ಸಹಜವಾದ ಏರಿಳಿತ, ಚರ್ಮದ ಹದ, ಬಟ್ಟೆಯ ನಿಜವಾದ ಬೀಳುಗಳನ್ನು ತೋರಿಸುವುದು ಈ ಪಂಥದ ಗುರಿ. ಬ್ರಾಕ್ ಅವರ 'ಈವ್' (1900) ಎಂಬ ಅಮೃತಶಿಲೆಯ ಶಿಲ್ಪದಲ್ಲಿ ಇದರ ಪ್ರಭಾವ ಸ್ಪಷ್ಟವಾಗಿದೆ. ತಲೆ ತಗ್ಗಿಸಿ ನಿಂತ ಈವ್ ಇಲ್ಲಿ ದೇವತೆಯಂತಿರದೆ, ನೊಂದ ಸಾಮಾನ್ಯ ಹೆಣ್ಣಿನಂತಿದ್ದಾಳೆ. ನಾಣ್ಯದ ಮೇಲಿನ ರಾಣಿಯ ಮುಖದಲ್ಲಿಯೂ ಇದೇ ದೃಷ್ಟಿ ಕೆಲಸ ಮಾಡಿದೆ.

20ನೆಯ ಶತಮಾನದಲ್ಲಿ ಕಲೆಯ ಅಭಿರುಚಿ ಬದಲಾದಂತೆ, ದೊರೆಗಳ ಮತ್ತು ಸೇನಾನಿಗಳ ಪ್ರತಿಮೆಗಳನ್ನು ರಚಿಸಿದ ಶಿಲ್ಪಿಗಳು ಹಿನ್ನೆಲೆಗೆ ಸರಿದರು. ಬ್ರಾಕ್ ಅವರ ಮಗ ಫ್ರೆಡರಿಕ್ ಬರೆದ ಜೀವನಚರಿತ್ರೆ ಪುಸ್ತಕವಾಗಿ ಹೊರಬಂದದ್ದು 2012ರಲ್ಲಿ. ಅದರ ಶೀರ್ಷಿಕೆಯಲ್ಲಿಯೇ ಅವರನ್ನು 'ಮರೆತುಹೋದ ಶಿಲ್ಪಿ' ಎಂದು ಕರೆಯಲಾಗಿದೆ. ಸ್ಮಾರಕವನ್ನು ನೋಡುವವರು ಅದರಲ್ಲಿರುವ ವ್ಯಕ್ತಿಯನ್ನು ನೆನೆಯುತ್ತಾರೆ, ನಾಣ್ಯವನ್ನು ಹಿಡಿದವರು ಅದರ ಬೆಲೆಯನ್ನು ನೋಡುತ್ತಾರೆ. ಎರಡರಲ್ಲಿಯೂ ಶಿಲ್ಪಿಯ ಹೆಸರು ಹಿಂದೆ ಉಳಿಯುವುದು ಸಾಮಾನ್ಯ. ಬ್ರಾಕ್ ಅವರ ವಿಷಯದಲ್ಲಿ ಆ ಹೆಸರು ಸವರನ್ನಿನ ಮೇಲಿನ ಎರಡು ಸಣ್ಣ ಅಕ್ಷರಗಳಲ್ಲಿ ದಾಖಲಾಗಿದೆ.

## ಪ್ರಮುಖ ಕೃತಿಗಳು

- ಆಂಟಿಯಸ್‌ನ ಕತ್ತು ಹಿಸುಕುವ ಹರ್ಕ್ಯುಲಿಸ್ (1869)
- ಅಪಾಯದ ಕ್ಷಣ (1880)
- ರಾಬರ್ಟ್ ರೇಕ್ಸ್ ಪ್ರತಿಮೆ, ಲಂಡನ್ (1880)
- ಲಾಂಗ್‌ಫೆಲೊ ಪ್ರತಿಮೆ, ವೆಸ್ಟ್‌ಮಿನ್‌ಸ್ಟರ್ ಅಬೆ (1884)
- ಬಾರ್ಟಲ್ ಫ್ರೀರ್ ಪ್ರತಿಮೆ, ಲಂಡನ್ (1888)
- ವಿಕ್ಟೋರಿಯಾ ರಾಣಿಯ ಪ್ರತಿಮೆ, ವೂಸ್ಟರ್ (1890)
- ಬ್ರಿಟನ್ನಿನ ನಾಣ್ಯಗಳಿಗೆ ವಿಕ್ಟೋರಿಯಾ ರಾಣಿಯ ಮುಖಚಿತ್ರ (1893)
- ಜೀವಶಾಸ್ತ್ರಜ್ಞ ರಿಚರ್ಡ್ ಓವೆನ್ ಪ್ರತಿಮೆ, ಲಂಡನ್ (1897)
- ಈವ್ (1900)
- ಕಪ್ಪು ರಾಜಕುಮಾರ ಎಂದು ಹೆಸರಾದ ಎಡ್ವರ್ಡ್‌ನ ಅಶ್ವಾರೂಢ ಪ್ರತಿಮೆ, ಲೀಡ್ಸ್ (1903)
- ಚಿತ್ರಕಾರ ಜಾನ್ ಎವೆರೆಟ್ ಮಿಲೇಸ್ ಪ್ರತಿಮೆ, ಲಂಡನ್ (1905)
- ವಿಕ್ಟೋರಿಯಾ ರಾಣಿಯ ಪ್ರತಿಮೆ, ಕಬ್ಬನ್ ಉದ್ಯಾನ, ಬೆಂಗಳೂರು (1906)
- ನಟ ಹೆನ್ರಿ ಇರ್ವಿಂಗ್ ಪ್ರತಿಮೆ, ಲಂಡನ್ (1910)
- ವಿಕ್ಟೋರಿಯಾ ಸ್ಮಾರಕ, ಲಂಡನ್ (1911)
- ಜೇಮ್ಸ್ ಕುಕ್ ಪ್ರತಿಮೆ, ಲಂಡನ್ (1914)
- ಟೈಟಾನಿಕ್ ಸ್ಮಾರಕ, ಬೆಲ್‌ಫಾಸ್ಟ್ (1920)